ಹತ್ತಿಯ ಎಳೆ ಸಿಕ್ಕಿದ ತೂತು

"ಸಿಕ್ತು ನೋಡಿ!"

ಅಷ್ಟು ಹೇಳಿ ಅವನು ಕೈ ಹಿಂದಕ್ಕೆ ತೆಗೆದ. ಹಲಗೆಯ ಐದನೇ ಸಾಲಿನಲ್ಲಿ, ಒಂದು ತೂತಿನ ಅಂಚಿಗೆ ಹತ್ತಿಯ ಒಂದೇ ಒಂದು ಎಳೆ ಸಿಕ್ಕಿಕೊಂಡು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು.

ಅವಳ ಕಿವಿ ಬಿಸಿಯಾಯಿತು.

ಆಸಾಮಿ ಒಳಗೆ ಬಂದು ಐದು ನಿಮಿಷವೂ ಆಗಿರಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟ, ಅಪ್ಪನಿಗೆ ನಮಸ್ಕಾರ ಹೇಳಿದ, ಜೇಬಿನಿಂದ ಹತ್ತಿಯ ಉಂಡೆ ತೆಗೆದ, ಕೇಳದೆ ಹೇಳದೆ ಅವಳ ಹಲಗೆಯ ಮೇಲೆ ಆಡಿಸಿದ... ಈ ಬೀದಿಯಲ್ಲಿ ಇದುವರೆಗೆ ಯಾರೂ ಅವಳಿಗೆ ಹೇಳದ ಮಾತನ್ನು ಹೇಳಿಯೇಬಿಟ್ಟ!

"ಯಾರು ನೀವು?"

"ಪಾಲಿಶ್‌ನವನು. ಯಜಮಾನ್ರು ಬರೋಕೆ ಹೇಳಿದ್ರು."

"ಪಾಲಿಶ್ ಹಚ್ಚೋಕೆ ತಾನೇ ಕರೆದಿದ್ದು? ತಪ್ಪು ಹುಡುಕೋಕಲ್ವಲ್ಲ?"

"ತಪ್ಪಿನ ಮೇಲೆ ಪಾಲಿಶ್ ಹಚ್ಚಿದ್ರೆ ತಪ್ಪೇ ಇನ್ನಷ್ಟು ಹೊಳೆಯುತ್ತೆ ಮೇಡಂ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ನಕ್ಕುಬಿಟ್ಟರು. ಅವಳು ಅಪ್ಪನನ್ನು ದುರುಗುಟ್ಟಿಕೊಂಡು ನೋಡಿದಳು. ಅಪ್ಪ ನಗು ನುಂಗಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡರು.

ಬೀದಿಯವರಿಗೆಲ್ಲ ಅಪ್ಪ 'ದೊಡ್ಡ ಬಡಗಿ', ಅವಳು 'ಸಣ್ಣ ಬಡಗಿ'. ವಯಸ್ಸು ಮೂವತ್ತರ ಹತ್ತಿರ ಬಂದರೂ ಸಣ್ಣ ಬಡಗಿಯೇ! ಆದರೆ ಮರದಲ್ಲಿ ತೂತು ಕೊರೆಯುವ ಕೆಲಸಕ್ಕೆ ಬಂದರೆ ಅವಳನ್ನು ಮೀರಿಸುವವರಿಲ್ಲ ಎಂದು ಮರದ ಡಿಪೋದವರು ಕೂಡ ಒಪ್ಪಿದ್ದರು. ಒಪ್ಪದೆ ಉಳಿದವರು ಒಬ್ಬರೇ, ಬೀದಿಯ ಮೂಲೆಯಲ್ಲಿ ದೊಡ್ಡ ಫರ್ನಿಚರ್ ಅಂಗಡಿ ಇಟ್ಟಿದ್ದ ಸಾಹುಕಾರರು.

ಈಗ ಅವಳ ಕೈಯಲ್ಲಿದ್ದ ಕೆಲಸವೂ ಸಣ್ಣದಾಗಿರಲಿಲ್ಲ. ಕಣ್ಣು ಕಾಣದ ಮಕ್ಕಳ ಶಾಲೆಗೆ ನಲವತ್ತು ಬ್ರೈಲ್ ಅಕ್ಷರದ ಹಲಗೆಗಳು. ಒಂದೊಂದರಲ್ಲೂ ಆರಾರರ ಗುಂಪಿನಂತೆ ಅರವತ್ತು ತೂತು. ಮಕ್ಕಳು ಪುಟ್ಟ ಮರದ ಗೂಟಗಳನ್ನು ತೂತಿಗೆ ಸಿಕ್ಕಿಸಿ, ಬೆರಳಿನಿಂದ ಮುಟ್ಟಿ ಮುಟ್ಟಿ ಅಕ್ಷರ ಕಲಿಯಬೇಕು. ತೂತು ಈ ಬದಿಯಿಂದ ಆ ಬದಿಗೆ ದಾಟಿರಬೇಕು. ಗೂಟ ತಾನಾಗಿ ಜಾರಿ ಒಳಗಿಳಿಯಲು ಎರಡೂ ಬದಿಯ ಬಾಯಿಗೆ ಬಟ್ಟಲಿನಂಥ ಇಳಿಜಾರು ಕುಳಿ ಇರಬೇಕು. ಒಂದು ಸಿಬಿರು ಎದ್ದಿದ್ದರೂ ಅದು ಚುಚ್ಚುವುದು ಓದುವ ಬೆರಳಿಗೆ.

ಇನ್ನೊಂದು ವಿಷಯವೂ ಇತ್ತು. ಈ ಸಲ ಹಲಗೆಗಳ ಮೇಲೆ ಬೀಳಬೇಕಾಗಿದ್ದುದು ಅಪ್ಪನ ಮುದ್ರೆಯಾಗಿರಲಿಲ್ಲ. ಕಾಯಿಸಿ ಒತ್ತುವ ಗುಬ್ಬಚ್ಚಿ ಮುದ್ರೆಯೊಂದನ್ನು ಅಪ್ಪನೇ ಅವಳಿಗಾಗಿ ಮಾಡಿಸಿಕೊಟ್ಟಿದ್ದರು. ಮೊದಲ ಮುದ್ರೆ, ಮೊದಲ ಹೆಸರು!

ಅಂಥ ಹಲಗೆಗೆ ಈ ಹತ್ತಿಯವನು ಕಣ್ಣು ಹಾಕಿದ್ದ.

ಸಂಜೆ ಅವನು ಹೋದ ಮೇಲೆ ಅವಳು ಆ ತೂತನ್ನು ಬೆಳಕಿಗೆ ಹಿಡಿದು ನೋಡಿದಳು. ಕೂದಲಿಗಿಂತ ಸಣ್ಣ ಸಿಬಿರು. ಅವನು ಹೇಳಿದ್ದು ನಿಜ. ಅದೇ ಅವಳ ಸಿಟ್ಟಿಗೆ ಕಾರಣ. ಹಲಗೆಯನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಕೈಗೆತ್ತಿಕೊಂಡಳು. ಹತ್ತಿಯ ಎಳೆಯನ್ನು ಮಾತ್ರ ಯಾಕೋ ಬಿಸಾಡಲಿಲ್ಲ, ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಟ್ಟಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ನಮಗೆ ಗೊತ್ತು, ಬಿಡಿ!

* * *

"ನನಗೂ ಹೇಳಿಕೊಡ್ತೀರಾ?" ಎರಡನೇ ವಾರ ಅವನು ಕೇಳಿದ.

"ಏನನ್ನ?"

"ಹತ್ತಿಗೆ ಸಿಕ್ಕದ ಹಾಗೆ ತೂತು ಕೊರೆಯೋದನ್ನ."

"ಪಾಲಿಶ್‌ನವರಿಗೆ ಅದೆಲ್ಲ ಯಾಕೆ?"

"ತಪ್ಪು ಹುಡುಕೋದು ಸುಲಭ. ಸರಿ ಮಾಡೋದು ಎಷ್ಟು ಕಷ್ಟ ಅಂತ ಗೊತ್ತಾಗ್ಲಿ ಅಂತ."

ಅವಳು ಸೋತದ್ದು ಆ ಮಾತಿಗೆ. ಅಲ್ಲಿಯವರೆಗೆ ಅವಳ ಹತ್ತಿರ ಬಂದ ಗಂಡಸರೆಲ್ಲ ಹೇಳಿಕೊಡಲು ಬಂದವರು. ಕಲಿಯುತ್ತೇನೆ ಎಂದವನು ಇವನೊಬ್ಬನೇ.

"ಮೊದಲು ದಬ್ಬಳದಿಂದ ಒಂದು ಚುಕ್ಕೆ ಚುಚ್ಚಿ. ಇಲ್ಲದಿದ್ರೆ ಬೈರಿಗೆಯ ಬಿಟ್ ಎಲ್ಲೆಲ್ಲೋ ಅಲೆಯುತ್ತೆ. ಹೂಂ... ಈಗ ನಿಧಾನಕ್ಕೆ. ಶಬ್ದ ಬದಲಾಗುತ್ತೆ, ಕೇಳಿಸ್ತಾ? ಮೊನೆ ಆಚೆ ಇಣುಕಿತು ಅಂತ ಅರ್ಥ. ನಿಲ್ಲಿಸಿ! ಹಲಗೆ ತಿರುಗಿಸಿ, ಆ ಇಣುಕಿದ ಚುಕ್ಕೆಯಿಂದಲೇ ಈ ಕಡೆಯಿಂದ ಕೊರೀರಿ."

"ತಿರುಗಿಸೋದು ಯಾಕೆ? ಒಂದೇ ಸಲಕ್ಕೆ ಆಚೆ ದಾಟಿಸಿದ್ರೆ?"

"ದಾಟಿಸಿ ನೋಡಿ."

ದಾಟಿಸಿದ. ಹಲಗೆ ತಿರುಗಿಸಿದರೆ ಹಿಂಬದಿ ನಾಯಿ ಕಚ್ಚಿದ ಹಾಗೆ ಕಿತ್ತುಹೋಗಿತ್ತು. ಅವನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಕಾಣದಿರೋ ಕಡೆ ಏನಾಗುತ್ತೆ ಅಂತ ಯೋಚನೆ ಮಾಡದೆ ನುಗ್ಗಿದ್ರೆ ಹೀಗೇ ಆಗೋದು!" ಎಂದಳು.

ಹೇಳಲೋ ಬೇಡವೋ... ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಕುಳಿ ತೆಗೆಯೋದರಲ್ಲಿ ಒಂದು ಗುಟ್ಟಿದೆ. ಅಪ್ಪ ಕಂಡುಕೊಂಡಿದ್ದು. ಯಾರಿಗೂ ಹೇಳಿಲ್ಲ."

"ಹಾಗಿದ್ರೆ ನನಗೂ ಬೇಡ."

"ಹೇಳಬೇಕು ಅನ್ನಿಸ್ತಿದೆ ನನಗೆ," ಎಂದಳು, ತಲೆ ಎತ್ತದೆ. ಕುಳಿ ತೆಗೆಯುವ ಬಿಟ್ಟನ್ನು ಕೈ ಬೈರಿಗೆಗೆ ಸಿಕ್ಕಿಸಿ, ತೂತಿನ ಬಾಯಿಗಿಟ್ಟು ಮೂರು ಸುತ್ತು ಹಿಂದಕ್ಕೆ ತಿರುಗಿಸಿದಳು. "ಮೊದಲು ಉಲ್ಟಾ ಮೂರು ಸುತ್ತು. ಮೇಲಿನ ನಾರೆಲ್ಲ ಕತ್ತರಿಸಿಕೊಳ್ಳುತ್ತೆ. ಆಮೇಲೆ ಮುಂದಕ್ಕೆ. ಈಗ ನಿಮ್ಮ ಹತ್ತಿ ಆಡಿಸಿ ನೋಡೋಣ."

ಆಡಿಸಿದ. ಹತ್ತಿ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಅವನು ಹಲಗೆಯನ್ನು ಬಿಟ್ಟು ಅವಳನ್ನು ನೋಡುತ್ತಿದ್ದ.

"ಏನು ನೋಡ್ತಿದೀರಿ?"

"ತಪ್ಪು ಹುಡುಕ್ತಿದ್ದೆ. ಸಿಗ್ತಿಲ್ಲ."

ಅಷ್ಟು ಹೊತ್ತಿಗೆ ಟೀ ತಂದಿದ್ದ ಅತ್ತೆ ಬಾಗಿಲಲ್ಲೇ ನಿಂತು, "ಇಬ್ಬರೂ ಹಲಗೆ ನೋಡ್ತಿದೀರಿ ಅಂದ್ಕೊಂಡಿದ್ದೆ, ಹಲಗೆ ಮಾತ್ರ ನಿಮ್ಮಿಬ್ಬರನ್ನ ನೋಡ್ತಿದೆ!" ಎಂದರು. ಅಪ್ಪನ ತಂಗಿ, ಬಾಯಿಗೆ ಬೀಗವಿಲ್ಲದ ಹೆಂಗಸು. ಅವಳು ನಾಚಿಕೆಯಿಂದ ಇಲ್ಲದ ಧೂಳನ್ನು ಊದಿದಳು.

ಇಪ್ಪತ್ತನಾಲ್ಕು ಹಲಗೆ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ನಾಲ್ಕು ದಿನ ಮಹಡಿಯಲ್ಲಿ ಮಲಗಿಬಿಟ್ಟಳು. "ಉಳಿದದ್ದನ್ನ ನಾನು ನೋಡ್ಕೋತೀನಿ, ನೀನು ಮಲಕ್ಕೋ ಮರೀ," ಎಂದರು ಅಪ್ಪ. ಅವಳಿಗೆ ಎಷ್ಟು ನೆಮ್ಮದಿ! ಅಪ್ಪನ ಕೈಗಿಂತ ನಂಬುವಂಥ ಕೈ ಅವಳ ಪಾಲಿಗೆ ಲೋಕದಲ್ಲೇ ಇರಲಿಲ್ಲ.

ಎದ್ದು ಬಂದಾಗ ನಲವತ್ತು ಹಲಗೆಗಳೂ ಪಾಲಿಶ್ ಆಗಿ ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಗುಬ್ಬಚ್ಚಿ ಮುದ್ರೆ ಒತ್ತಿದಳು. ಸುಟ್ಟ ಮರದ ವಾಸನೆ ಅವತ್ತು ಅವಳಿಗೆ ಪರಿಮಳವಾಗಿತ್ತು. ಅವನು ಹಲಗೆಗಳನ್ನು ವ್ಯಾನಿಗೆ ಏರಿಸುತ್ತ, ಏನೋ ಯೋಚನೆಯಲ್ಲಿದ್ದವನು, ತಟ್ಟನೆ ಹತ್ತಿರ ಬಂದ.

"ಇವನ್ನ ಶಾಲೆಗೆ ತಲುಪಿಸಿ ಬಂದ ಮೇಲೆ ನಿಮ್ಮ ಹತ್ತಿರ ಒಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

"ಬಂದ ಮೇಲೆ."

ಏನು ಹೇಳಬಹುದು? ಅದೇ ಇರಬಹುದಾ? ಅದೇ ಆಗಿದ್ದರೆ ತಾನೇನು ಹೇಳುವುದು? ಮಧ್ಯಾಹ್ನದವರೆಗೆ ಅವಳು ಕನ್ನಡಿಯ ಮುಂದೆ ಮೂರು ಸಲ 'ಹೂಂ' ಎಂದು ಅಭ್ಯಾಸ ಮಾಡಿದಳು!

ಅವನು ಬಂದ. ಮುಖ ಬಿಳಿಚಿಕೊಂಡಿತ್ತು. ಅವಳ ಕಡೆ ನೋಡದೆ ನೇರವಾಗಿ ಅಪ್ಪನ ಹತ್ತಿರ ಹೋಗಿ ಏನೋ ಮೆಲ್ಲಗೆ ಮಾತಾಡಿದ. ಹೊರಟಾಗ ಅವಳು ಅಡ್ಡ ನಿಂತಳು.

"ಏನೋ ಹೇಳ್ತೀನಿ ಅಂದಿದ್ರಲ್ಲ?"

"ಇನ್ನೊಂದು ದಿನ..." ಎಂದವನು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

* * *

ಐದನೇ ದಿನ ಶಾಲೆಯ ಆಫೀಸಿನಿಂದ ಫೋನ್ ಬಂತು.

"ಮೇಡಂ, ಆ ಹಲಗೆಗಳು ಯಾವಾಗ ಬರುತ್ತವೆ? ಟೀಚರ್ ಕೇಳ್ತಿದಾರೆ."

"ಯಾವ ಹಲಗೆ? ಎಲ್ಲಾ ಕೊಟ್ಟಾಯ್ತಲ್ಲ!"

"ಕೊಟ್ಟಿದ್ರಿ. ಆದ್ರೆ ನಿಮ್ಮ ಪಾಲಿಶ್‌ನವರು ಮಾರನೇ ದಿನ ಬಂದು, ಇವುಗಳಲ್ಲಿ ದೋಷ ಇದೆ, ಮಕ್ಕಳ ಕೈಗೆ ಕೊಡಬೇಡಿ ಅಂತ ಹೇಳಿ ಒಂದಿಷ್ಟನ್ನ ವಾಪಸ್ ತಗೊಂಡು ಹೋದ್ರಲ್ಲ? ನಿಮಗೆ ಗೊತ್ತಿಲ್ವಾ?"

ದೋಷವಾ? ತನ್ನ ಹಲಗೆಯಲ್ಲಾ? ತನಗೆ ಒಂದು ಮಾತೂ ಹೇಳದೆ, ಬೆನ್ನ ಹಿಂದೆ ಹೋಗಿ...

ಸುಳ್ಳು. ಎಲ್ಲೋ ಏನೋ ತಪ್ಪು ತಿಳಿವಳಿಕೆ. ಹಾಗೆ ಅಂದುಕೊಂಡೇ ಅವಳು ಬೀದಿಗಿಳಿದಳು. ಅವನ ಮನೆಯವರೆಗೆ ಹೋಗಬೇಕಾಗಲಿಲ್ಲ. ಮೂಲೆ ಅಂಗಡಿಯ ಮುಂದೆ ದಾಟುವಾಗಲೇ ಕಣ್ಣಿಗೆ ಬಿತ್ತು. ಗೋಡೆಗೆ ಒರಗಿಸಿಟ್ಟ ಹಲಗೆಗಳ ಸಾಲು. ಒಂದೊಂದರ ಮೂಲೆಯಲ್ಲೂ ಗುಬ್ಬಚ್ಚಿ!

"ಬಾಮ್ಮ ಸಣ್ಣ ಬಡಗಿ!" ಸಾಹುಕಾರರು ಗಲ್ಲಾದಿಂದಲೇ ಕೂಗಿದರು. "ನಿನ್ನ ಹಲಗೆ ನಮ್ಮ ಅಂಗಡಿಗೇ ಬರಬೇಕಾಯ್ತು ನೋಡು. ಈ ಕೆಲಸ ಮೊದಲೇ ನನಗೆ ಕೊಟ್ಟಿದ್ರೆ ಶಾಲೆಯವರಿಗೆ ಇಷ್ಟು ತಾಪತ್ರಯ ಇರ್ತಿರಲಿಲ್ಲ."

ಅವಳಿಗೆ ಅವರ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಒಳಗಡೆ ಮೇಜಿನ ಮುಂದೆ ಅವನು ಬಗ್ಗಿ ನಿಂತಿದ್ದ. ಎದುರಿಗೆ ಒಂದು ಹೊಸ ಹಲಗೆ, ಅದೇ ಅಳತೆ, ಅದೇ ಅರವತ್ತು ತೂತು. ಕೈಯಲ್ಲಿ ಬೈರಿಗೆ. ಅವನು ಅದನ್ನು ತೂತಿನ ಬಾಯಿಗಿಟ್ಟು ಹಿಂದಕ್ಕೆ ತಿರುಗಿಸಿದ.

ಒಂದು ಸುತ್ತು... ಎರಡು... ಮೂರು...

ಅಪ್ಪನ ಗುಟ್ಟು! ಸಾಹುಕಾರರ ಅಂಗಡಿಯಲ್ಲಿ, ಹಾಡುಹಗಲಲ್ಲಿ!

ಅವಳು ನೇರ ಒಳಗೆ ನುಗ್ಗಿದಳು.

"ನೀವೇನಾ ವಾಪಸ್ ತಂದಿದ್ದು?"

ಅವನು ಬೆಚ್ಚಿ ತಲೆ ಎತ್ತಿದ. ಒಂದು ಕ್ಷಣ ಏನೋ ಹೇಳಲು ಹೊರಟವನಂತೆ ಕಂಡ. ಆಮೇಲೆ, "ಹೌದು," ಎಂದ.

"ದೋಷ ಇದೆ ಅಂತ ನೀವೇನಾ ಹೇಳಿದ್ದು?"

"ಹೌದು."

"ನನಗೆ ಯಾಕೆ ಹೇಳ್ಲಿಲ್ಲ?"

ಅವನು ಬೈರಿಗೆಯನ್ನು ಮೇಜಿನ ಮೇಲಿಟ್ಟ. "ಅದನ್ನ ಮಾತ್ರ ಕೇಳಬೇಡಿ. ದಯವಿಟ್ಟು."

"ಕೇಳಬಾರದಾ? ನನ್ನ ಹಲಗೆ, ನನ್ನ ಮುದ್ರೆ, ನಾನು ಕೇಳಬಾರದಾ?" ಅವಳ ದನಿ ಒಡೆಯಿತು. "ನಿಮಗೆ ಈ ಅಂಗಡೀಲಿ ಜಾಗ ಬೇಕಿತ್ತು ಅಂದಿದ್ರೆ ಹಾಗೆ ಹೇಳಿ ಬರಬಹುದಿತ್ತು. ನಮ್ಮಪ್ಪ ನಲವತ್ತು ವರ್ಷ ಬಚ್ಚಿಟ್ಟುಕೊಂಡಿದ್ದನ್ನ ನಾನು ನಿಮ್ಮ ಕೈಗೆ ಕೊಟ್ಟೆ. ಕೇಳದೇನೇ ಕೊಟ್ಟೆ. ಅದನ್ನ ತಂದು ಇಲ್ಲಿ..."

"ನೀವು ಅಂದ್ಕೊಂಡ ಹಾಗಲ್ಲ..."

"ಹಾಗಿದ್ರೆ ಹೇಗೆ? ಹೇಳಿ!"

ಅವನು ತುಟಿ ಕಚ್ಚಿಕೊಂಡು ನಿಂತ.

ಅವಳು ಒಂದು ಹಲಗೆಯನ್ನು ಸಾಲಿನಿಂದ ಕಿತ್ತುಕೊಂಡು ಎದೆಗೆ ಅವಚಿ ಹಿಡಿದು ಹೊರಗೆ ಬಂದಳು. ಬೀದಿಯಲ್ಲಿ ಅಳಬಾರದು ಎಂದು ಹಲ್ಲು ಕಚ್ಚಿ ನಡೆದಳು. ಮನೆಯ ಹೊಸ್ತಿಲು ದಾಟಿದ್ದೇ ಕಟ್ಟೆಯೊಡೆಯಿತು.

ಅಪ್ಪ ಎಲ್ಲವನ್ನೂ ಕೇಳಿದರು. ಅವರ ಮುಖದ ಬಣ್ಣ ಹೋಯಿತು. "ಅವನು ಕೆಟ್ಟವನಲ್ಲ ಮಗಳೇ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು.

"ಅವನ ಪರ ಮಾತಾಡಬೇಡಿ ಅಪ್ಪ. ನೀವಾದ್ರೂ ಮಾತಾಡಬೇಡಿ!"

ಹಲಗೆಯನ್ನು ಕಿಟಕಿಯ ಕಟ್ಟೆಯ ಮೇಲೆ ಎಸೆದಳು. ಅದರ ಮುಖ ನೋಡಲೂ ಅವಳಿಗೆ ಇಷ್ಟವಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಹೇಳುವುದು ಕಷ್ಟ. ಕೆಲಸ ಮಾಡಿದಳು, ಉಂಡಳು, ಅತ್ತೆ ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ಬೈರಿಗೆ ಕೈಗೆ ತೆಗೆದುಕೊಂಡಾಗಲೆಲ್ಲ ಮೂರು ಸುತ್ತು ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಕಣ್ಣು ಮಂಜಾಗುತ್ತಿತ್ತು. 'ತಪ್ಪು ಹುಡುಕ್ತಿದ್ದೆ, ಸಿಗ್ತಿಲ್ಲ...' ಎಷ್ಟು ಚೆನ್ನಾಗಿ ಹೇಳಿದ್ದ! ನಂಬಿಸುವುದಕ್ಕೇ ಹೇಳಿದ್ದ. ನಾನೂ ಎಂಥ ದಡ್ಡಿ, ಕನ್ನಡಿಯ ಮುಂದೆ 'ಹೂಂ' ಎಂದು ಅಭ್ಯಾಸ ಮಾಡಿದ್ದೆ! ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

"ಅವನಿಗೆ ನಾಲ್ಕು ಮಾತು ಬೈದು ಬರಲಾ?" ಎಂದು ಅತ್ತೆ ಕೇಳಿದರು.

"ಬೇಡ."

"ಹೋಗಲಿ, ಎರಡು ಮಾತು?"

ಅವಳು ನಗಲಿಲ್ಲ. ಅತ್ತೆಗೂ ಕಣ್ಣು ತುಂಬಿತು.

* * *

ಒಂಬತ್ತನೇ ದಿನ ಬೆಳಗ್ಗೆ ಅವಳು ಕಿಟಕಿ ಒರೆಸುತ್ತಿದ್ದಳು. ಹಲಗೆಯ ಮೇಲೆ ಧೂಳು ಕೂತಿತ್ತು. ಬಟ್ಟೆ ಆಡಿಸಿದಳು. ಬಟ್ಟೆ ಮುಂದಕ್ಕೆ ಹೋಗಲಿಲ್ಲ. ಎಳೆದಳು. ಸರ್ರನೆ ನೂಲು ಕಿತ್ತುಕೊಂಡು ಬಂತು.

ಏನಿದು?

ಹಲಗೆಯನ್ನು ಬೆಳಕಿಗೆ ಹಿಡಿದಳು. ಒಂಬತ್ತು ದಿನದ ಬಿಸಿಲಿಗೆ ತೂತುಗಳ ಬಾಯಿಯಲ್ಲಿ ಏನೋ ಕರಗಿ ಅಂಟಂಟಾಗಿ ಇಳಿದಿತ್ತು. ಉಗುರಿನಿಂದ ಕೆರೆದು ಮೂಸಿದಳು. ಮೇಣ! ಮೇಣದ ಕೆಳಗೆ ಅಡಗಿದ್ದ ಸಿಬಿರುಗಳು ಒಂದೊಂದಾಗಿ ತಲೆ ಎತ್ತಿ ನಿಂತಿದ್ದವು.

ಹಲಗೆ ತಿರುಗಿಸಿದಳು. ಹಿಂಬದಿಯಲ್ಲಿ ಇನ್ನೂ ಹೆಚ್ಚು. ಒಂದೇ ಕಡೆಯಿಂದ ನುಗ್ಗಿಸಿ ಆಚೆ ದಾಟಿಸಿದ ತೂತುಗಳು. ಇವು ಅವಳು ಕೊರೆದವಲ್ಲ!

ಅವನೇ. ಅವನೇ ಕೊರೆದು, ಮೇಣ ತುಂಬಿ, ತನ್ನ ಹೆಸರು ಕೆಡಿಸಲು... ಆ ಯೋಚನೆ ಅವಳ ತಲೆಯಲ್ಲಿ ಪೂರ್ತಿಯಾಗುವ ಮೊದಲೇ ಕಣ್ಣು ಒಂದು ತೂತಿನ ಮೇಲೆ ನಿಂತಿತು. ತೂತಿನ ಸುತ್ತ, ಪಾಲಿಶಿನ ಅಡಿಯಲ್ಲಿ ಮಸುಕಾಗಿ, ಕೆಂಪು ಪೆನ್ಸಿಲಿನ ಪುಟ್ಟ ವೃತ್ತವಿತ್ತು. ಅವಳು ಗುರುತು ಹಾಕುವಾಗ ಎರಡು ಗೆರೆ ಅಡ್ಡಡ್ಡ ಎಳೆಯುತ್ತಾಳೆ. ವೃತ್ತ ಬರೆಯುವವರು ಈ ಲೋಕದಲ್ಲಿ ಅವಳಿಗೆ ಗೊತ್ತಿರುವಂತೆ ಒಬ್ಬರೇ. ಆದರೆ ಆ ವೃತ್ತಗಳು ಯಾವತ್ತೂ ಹೀಗೆ ಸೊಟ್ಟಗಿರುತ್ತಿರಲಿಲ್ಲ. ಕುಳಿಯ ಅಂಚೂ ಅಲೆ ಅಲೆಯಾಗಿತ್ತು, ಬೈರಿಗೆ ಹಿಡಿದ ಕೈ ನಿಲ್ಲದೆ ನಡುಗಿದಂತೆ.

ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ ಅಪ್ಪ ಅವಳ ಕಣ್ಣ ಮುಂದೆ ಬಂದರು.

ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಹಲಗೆಯನ್ನು ಅವರ ಮಡಿಲಿಗಿಟ್ಟಳು.

ಅಪ್ಪ ಸೊಟ್ಟ ವೃತ್ತವೊಂದರ ಮೇಲೆ ಬೆರಳಿಟ್ಟರು.

"ಎಂಟು ತಿಂಗಳಾಯ್ತು, ಕೈ ನಿಲ್ತಾ ಇಲ್ಲ," ಎಂದರು. "ನಿನಗೆ ಜ್ವರ ಬಂದಾಗ ಹದಿನಾರು ಉಳಿದಿತ್ತು. ಮಾಡ್ತೀನಿ ಅಂದ್ಕೊಂಡೆ. ತಿರುಗಿಸಿ ಅದೇ ಚುಕ್ಕೆಗೆ ಬಿಟ್ ಇಡೋಕೇ ಆಗ್ಲಿಲ್ಲ ಮಗಳೇ. ಆಚೆ ದಾಟಿಸಿಬಿಟ್ಟೆ. ಎದ್ದ ಸಿಬಿರನ್ನ ಒತ್ತಿ ಮೇಣ ತುಂಬಿದೆ. ಕೈಗೆ ನುಣ್ಣಗೆ ಸಿಕ್ತು. ಸದ್ಯ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ಪಾಲಿಶ್‌ನವರಿಗೆ ಗೊತ್ತಾಯ್ತು."

"ಹಲಗೆ ಇಳಿಸೋವಾಗ್ಲೇ ಶಾಲೇಲಿ ಟೀಚರ್ ನಾಲ್ಕು ಸಲ ಗೂಟ ಹಾಕಿ ತೆಗೆದ್ರಂತೆ. ಮೇಣ ಹೋಗಿ ಸಿಬಿರು ಬೆರಳಿಗೆ ಚುಚ್ಚಿತಂತೆ. ಅವನು ಬಂದು ನೇರವಾಗಿ ನನ್ನನ್ನೇ ಕೇಳಿದ. ನಾನು ಅವನ ಕೈ ಹಿಡ್ಕೊಂಡು ಬೇಡಿಕೊಂಡೆ, ನನ್ನ ಮಗಳಿಗೆ ಮಾತ್ರ ಹೇಳಬೇಡ ಅಂತ. ನಿನ್ನ ಕಣ್ಣಲ್ಲಿ ಕೈಲಾಗದವನು ಆಗೋದು ನನಗೆ..." ಅಪ್ಪ ಹಲಗೆಯ ಅಂಚನ್ನು ಸವರಿದರು. "ನೀನು ಅವನನ್ನ ಬೈದು ಅತ್ತಾಗಲೂ ನಾನು ಬಾಯಿ ಬಿಡ್ಲಿಲ್ಲ. ಅಷ್ಟು ಹೇಡಿ ಆಗಿಬಿಟ್ಟೆ."

ಅವಳಿಗೆ ಅಪ್ಪನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಕೂಗಾಡಬೇಕು ಎಂದೂ ಅನ್ನಿಸಿತು. ಒಂಬತ್ತು ದಿನ! ಒಂದೇ ಮನೆಯಲ್ಲಿದ್ದುಕೊಂಡು, ಎದುರಿಗೇ ಕೂತು ಉಂಡುಕೊಂಡು!

"ನಿಮ್ಮ ಕೈ ನಡುಗಿದ್ದಕ್ಕೆ ನನಗೆ ಬೇಜಾರಿಲ್ಲ ಅಪ್ಪ," ಎಂದಳು, ಅಳುತ್ತಲೇ. "ನನ್ನ ಗುಬ್ಬಚ್ಚಿಯ ಕೆಳಗೆ ಮೇಣ ತುಂಬಿದ್ರಲ್ಲ, ಅದಕ್ಕೆ. ಯಾವುದೋ ಮಗು ಬೆರಳು ಚುಚ್ಚಿಕೊಂಡಿದ್ರೆ?"

ಅಪ್ಪ ತಲೆ ತಗ್ಗಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಹೋಗಿ ಹತ್ತಿಯ ಉಂಡೆ ತಂದು ಅವರ ಕೈಗಿಟ್ಟಳು. "ಆಡಿಸಿ," ಎಂದಳು.

ಅಪ್ಪ ಆಡಿಸಿದರು. ನಡುಗುವ ಬೆರಳಿನ ಹತ್ತಿ ತೂತಿನ ಅಂಚಿಗೆ ಅತ್ತಿತ್ತ ತಾಗಿ, ನಡುಗದ ಕೈ ಗಮನಿಸದೆ ದಾಟಿಬಿಡುವ ಸಿಬಿರಿಗೂ ಸಿಕ್ಕಿಕೊಂಡಿತು. ಅವಳ ಕಣ್ಣಿಗೆ ತಪ್ಪಿದ್ದ ಇನ್ನೂ ಏಳು ಸಿಬಿರು ಅವರಿಗೆ ಸಿಕ್ಕವು.

"ಇನ್ಮೇಲೆ ನಿಮ್ಮ ಈ ಕೈ ದಾಟದೆ ಒಂದು ಹಲಗೇನೂ ಮನೆಯಿಂದ ಹೊರಗೆ ಹೋಗಲ್ಲ. ಗೊತ್ತಾಯ್ತಾ?"

ಅಪ್ಪ ಅಂಗೈಯಲ್ಲಿದ್ದ ಹತ್ತಿಯನ್ನು ನೋಡಿದರು, ಮಗಳನ್ನು ನೋಡಿದರು. "ಗೊತ್ತಾಯ್ತು ಯಜಮಾನ್ರೇ," ಎಂದರು, ಮೆಲ್ಲಗೆ.

* * *

ಮಧ್ಯಾಹ್ನ ಊಟದ ಹೊತ್ತು. ಮೂಲೆ ಅಂಗಡಿಯಲ್ಲಿ ಸಾಹುಕಾರರು ಇರಲಿಲ್ಲ. ಅವನೊಬ್ಬನೇ ಮೇಜಿನ ಮುಂದಿದ್ದ. ಗಡ್ಡ ಬೆಳೆದು ಮುಖ ಗುರುತು ಸಿಗದಂತಾಗಿತ್ತು. ಪಕ್ಕದಲ್ಲಿ ಹದಿನೈದು ಹೊಸ ಹಲಗೆಗಳು. ಹದಿನಾರನೆಯದರ ಕೊನೆಯ ಸಾಲು ನಡೆಯುತ್ತಿತ್ತು.

ಅವಳು ಮಾತಾಡದೆ ಹತ್ತಿ ತೆಗೆದು ಮೊದಲ ಹಲಗೆಯ ಮೇಲೆ ಆಡಿಸಿದಳು. ಸಿಕ್ಕಲಿಲ್ಲ. ಎರಡನೆಯದು, ಸಿಕ್ಕಲಿಲ್ಲ. ತಿರುಗಿಸಿ ಹಿಂಬದಿಯಲ್ಲಿ ಆಡಿಸಿದಳು. ಅಲ್ಲೂ ಇಲ್ಲ. ಯಾವುದಕ್ಕೂ ಮುದ್ರೆ ಇರಲಿಲ್ಲ.

"ಅಪ್ಪ ಎಲ್ಲಾ ಹೇಳಿದ್ರು," ಎಂದಳು.

ಅವನು ಉಸಿರು ಬಿಟ್ಟ. ಹೆಗಲ ಮೇಲಿದ್ದ ಮೂಟೆ ಇಳಿಸಿದವನ ಉಸಿರು.

"ಸಾಹುಕಾರರ ಹತ್ತಿರ ಮೇಜು ಮಾತ್ರ ಕೇಳಿ ತಗೊಂಡೆ. ಕುಳಿ ತೆಗೆಯೋವಾಗ ಅವರು ಹತ್ತಿರ ಬಂದ್ರೆ ನಿಲ್ಲಿಸಿಬಿಡ್ತಿದ್ದೆ. ಗುಟ್ಟು ಹೋಗಿಲ್ಲ. ಹಲಗೆ ಶಾಲೆಗೆ ಕೊಟ್ಟು ನನ್ನ ಪಾಡಿಗೆ ಹೊರಟುಹೋಗೋಣ ಅಂತಿದ್ದೆ."

"ದೊಡ್ಡ ತ್ಯಾಗ!" ಅವಳ ಕಣ್ಣು ಕೆಂಪಾಗಿತ್ತು. "ನಾನೇನು ಥ್ಯಾಂಕ್ಸ್ ಹೇಳೋಕೆ ಬಂದಿದೀನಿ ಅಂದ್ಕೊಂಡ್ರಾ? ಅಪ್ಪ ತೂತಿಗೆ ಮೇಣ ತುಂಬಿದ್ರು. ನೀವು ನನಗೆ ಮೇಣ ತುಂಬಿದ್ರಿ. ನೀವಿಬ್ಬರೂ ಸೇರಿ, ಇವಳಿಗೆ ತಡ್ಕೊಳ್ಳೋಕಾಗಲ್ಲ ಅಂತ ತೀರ್ಮಾನ ಮಾಡಿದ್ರಿ. ನನ್ನನ್ನ ಕೇಳಿದ್ರಾ?"

ಅವನು ಸಮಜಾಯಿಷಿ ಕೊಡಲಿಲ್ಲ. ಯಜಮಾನರಿಗೆ ಮಾತು ಕೊಟ್ಟಿದ್ದೆ ಎಂದೂ ಹೇಳಲಿಲ್ಲ.

"ಇನ್ನೊಂದಿದೆ," ಎಂದ. "ನಿಮ್ಮಪ್ಪನಿಗೂ ಗೊತ್ತಿಲ್ಲದ್ದು. ನೀವು ಕೇಳದಿದ್ರೂ ನಾನೇ ಹೇಳಬೇಕು."

"ಏನು?"

"ಆ ಹದಿನಾರಕ್ಕೆ ಪಾಲಿಶ್ ಹಚ್ಚೋವಾಗಲೇ ನನಗೆ ಅನುಮಾನ ಬಂದಿತ್ತು. ಮೇಣದ ಮೇಲೆ ಪಾಲಿಶ್ ಹಿಡಿಯಲ್ಲ. ತೂತಿನ ಸುತ್ತ ಹನಿ ಹನಿಯಾಗಿ ನಿಲ್ತಿತ್ತು. ನಿಲ್ಲಿಸಿ ಕೆರೆದು ನೋಡಬೇಕಿತ್ತು. ನೋಡ್ಲಿಲ್ಲ. ವ್ಯಾನಿಗೆ ಏರಿಸೋವಾಗಲೂ ಅದೇ ತಲೇಲಿತ್ತು. ಆದ್ರೆ ನೀವು ಜ್ವರ ಬಿಟ್ಟು ಎದ್ದು ಬಂದು, ಮುದ್ರೆ ಒತ್ತುತ್ತಾ ನಗ್ತಿದ್ರಿ. ಆ ನಗು ನಿಂತುಹೋಗುತ್ತೆ ಅಂತ ಹೆದರಿದೆ. ಟೀಚರ್ ಬೆರಳಿಗೆ ಚುಚ್ಚಿದ್ದಕ್ಕೆ ನಾನೂ ಕಾರಣ." ಅವನು ಅವಳ ಕಣ್ಣನ್ನೇ ನೋಡಿ ಹೇಳಿದ. "ಮೊದಲ ದಿನ ನಿಮ್ಮ ಹಲಗೇಲಿ ತಪ್ಪು ತೋರಿಸೋಕೆ ನನಗೆ ಒಂದು ಚೂರೂ ಭಯ ಇರಲಿಲ್ಲ. ಪ್ರೀತಿ ಬಂದ ಮೇಲೆ ಭಯ ಬಂತು."

ಅವಳು ಹತ್ತಿಯನ್ನು ಮೇಜಿನ ಮೇಲಿಟ್ಟಳು.

ಈ ಮಾತನ್ನು ಅವನು ಹೇಳದೆ ಇದ್ದಿದ್ದರೆ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅಪ್ಪನ ತಪ್ಪು ಮುಚ್ಚಿದ ಒಳ್ಳೆಯವನಾಗಿ ಉಳಿದುಬಿಡಬಹುದಿತ್ತು. ಹತ್ತಿ ಯಾರೂ ಆಡಿಸದ ಜಾಗವನ್ನು ತಾನೇ ತಿರುಗಿಸಿ ತೋರಿಸಿದ್ದ.

ಒಂಬತ್ತು ದಿನದಿಂದ ಅವಳ ಎದೆಯಲ್ಲಿ ಬಿಗಿದುಕೊಂಡಿದ್ದುದು ಸಡಿಲವಾಯಿತು. ನೋವು ಹೋಗಲಿಲ್ಲ. ಆದರೆ ಆ ನೋವಿನ ಜೊತೆಗೆ ಅವನ ಪಕ್ಕದಲ್ಲಿ ನಿಲ್ಲಬಹುದು ಅನ್ನಿಸಿತು.

"ಇನ್ಮೇಲೆ ಹೆದರಿಕೆ ಆದ್ರೆ ಏನು ಮಾಡ್ತೀರಿ?"

"ಹೆದರ್ಕೊಂಡೇ ಹೇಳ್ತೀನಿ."

"ನಾನು ಅತ್ರೆ?"

"ಅಳಿ. ನಾನು ಇಲ್ಲೇ ಇರ್ತೀನಿ."

"ಬೈದ್ರೆ?"

"ಅದಂತೂ ಅಭ್ಯಾಸ ಆಗಿದೆ."

ಅವಳಿಗೆ ಅಳುವಿನ ನಡುವೆ ನಗು ಬಂತು. ಮೂಗೊರೆಸಿಕೊಂಡು ಮೇಜಿನ ಹತ್ತಿರ ಬಂದಳು. ಹದಿನಾರನೇ ಹಲಗೆಯಲ್ಲಿ ಒಂದೇ ತೂತು ಬಾಕಿ ಇತ್ತು. ಬೈರಿಗೆ ಎತ್ತಿ ಅವನ ಕೈಗೆ ಕೊಟ್ಟಳು. "ಮುಗಿಸಿ. ಎಲ್ಲಾ ಹಲಗೆ ಮನೆಗೆ ಬರಲಿ. ಅಪ್ಪ ಹತ್ತಿ ಆಡಿಸಿ ನೋಡ್ತಾರೆ. ಆಮೇಲೇ ಗುಬ್ಬಚ್ಚಿ. ಹಳೇ ಹದಿನಾರರ ವಿಷಯ ಟೀಚರ್‌ಗೆ ನಾನೇ ಹೋಗಿ ಹೇಳ್ತೀನಿ, ಇದ್ದದ್ದು ಇದ್ದ ಹಾಗೆ."

"ನಾನೂ ಬರ್ತೀನಿ."

"ಬರಲೇಬೇಕು. ಬೆರಳು ಚುಚ್ಚಿಸಿಕೊಂಡವರ ಹತ್ತಿರ ಕ್ಷಮೆ ಕೇಳೋದಿದೆಯಲ್ಲ!"

ಅವನು ಬಗ್ಗಿ ಮೂರು ಸುತ್ತು ಹಿಂದಕ್ಕೆ ತಿರುಗಿಸಿದ, ಆಮೇಲೆ ಮುಂದಕ್ಕೆ. ಅವಳು ಊದಿದಳು. ಹತ್ತಿ ಆಡಿಸಿದಳು. ಸಿಕ್ಕಲಿಲ್ಲ.

"ಎಲ್ಲೂ ತಪ್ಪಿಲ್ಲ ತಾನೇ?" ಅವನು ಕೇಳಿದ.

"ಒಂದು ಕಡೆ ನೋಡಿಲ್ಲ ಇನ್ನೂ."

ಅವಳು ಕೈ ಎತ್ತಿ ಹತ್ತಿಯ ಉಂಡೆಯನ್ನು ಅವನ ಕೆನ್ನೆಯ ಮೇಲೆ ಆಡಿಸಿದಳು. ಒಂಬತ್ತು ದಿನದ ಗಡ್ಡಕ್ಕೆ ಹತ್ತಿಯೆಲ್ಲ ಕಚ್ಚಿಕೊಂಡಿತು!

"ಸಿಕ್ತು ನೋಡಿ!" ಎಂದಳು.

ಅವನು ಅಲ್ಲಾಡದೆ ನಿಂತ. ಅರ್ಧ ಮುಖದ ತುಂಬ ಹತ್ತಿ.

"ಅವತ್ತು ಒಂದು ಮಾತು ಹೇಳ್ತೀನಿ ಅಂದಿದ್ದೆನಲ್ಲ..." ಎಂದ.

"ಹೂಂ," ಎಂದಳು ಅವಳು.

"ನಾನಿನ್ನೂ ಕೇಳೇ ಇಲ್ಲ!"

"ಪರವಾಗಿಲ್ಲ. ನಾನು ಅಭ್ಯಾಸ ಮಾಡಿಟ್ಟುಕೊಂಡಿದ್ದೆ."